ಹವಾಲ್ದಾರರ ದುರ್ಬೀನಿನ ನಿಂತ ಗೆರೆ

ರೊಟ್ಟಿ ಬಡಿಯುವಾಗ ಫೋನ್ ಬಂದರೆ ನಾನು ಎತ್ತುವುದಿಲ್ಲ. ಅಂದು ಅದು ಬಿಟ್ಟು ಬಿಟ್ಟು ಹೊಡೆದುಕೊಳ್ಳುತ್ತಲೇ ಇತ್ತು. ಹಿಟ್ಟಿನ ಕೈಯಲ್ಲೇ ಸ್ಪೀಕರಿಗೆ ಹಾಕಿ ಒಲೆಯ ಕಟ್ಟೆಯ ಮೇಲಿಟ್ಟೆ.

“ಅಕ್ಕಾರ, ನೀವು ಕೂಡಿಸಿಕೊಟ್ಟ ದುರ್ಬೀನು ಯಾರೋ ತಿರುವ್ಯಾರ್ರಿ. ಇವತ್ತೇ ಬರ್ರಿ. ಬ್ಯಾರೆ ಯಾರ ಮುಂದೂ ಹೇಳಬ್ಯಾಡ್ರಿ.”

ಮೆಹಕರದ ಹವಾಲ್ದಾರರ ದನಿ. ಸೈನ್ಯದಿಂದ ನಿವೃತ್ತರಾಗಿ ಬಂದು ಊರಲ್ಲಿ ಹೊಲ ನೋಡಿಕೊಂಡಿರುವವರು. ನಮ್ಮ ಭಾಗದ ಶೂಟಿಂಗ್ ಕ್ಲಬ್ಬಿನಲ್ಲಿ ಮುನ್ನೂರು ಮೀಟರಿನ ಗುರಿ ಹೊಡೆಯುತ್ತಾರೆ. ದುರ್ಬೀನು ಅಂದರೆ ರೈಫಲಿನ ಬೆನ್ನ ಮೇಲೆ ಕೂಡಿಸುವ ಸ್ಕೋಪು. ನನ್ನದು ಬೀದರಿನ ಹಳೆ ಊರಲ್ಲಿ ಚಷ್ಮಾದ ಅಂಗಡಿ. ಕಾಲೇಜುಗಳ ಸೂಕ್ಷ್ಮದರ್ಶಕ, ರಸ್ತೆ ಗುತ್ತಿಗೆದಾರರ ಲೆವೆಲ್ ಯಂತ್ರ, ಇಂಥವುಗಳ ಗಾಜು ಮತ್ತು ಗೆರೆ ಸರಿಮಾಡುವ ಕೆಲಸವೂ ಅಲ್ಲೇ ನಡೆಯುತ್ತದೆ. ಹೀಗಾಗಿ ಕ್ಲಬ್ಬಿನವರು ತಮ್ಮ ದುರ್ಬೀನುಗಳ ಕೆಲಸವನ್ನು ನನಗೇ ಹೇಳುತ್ತಾರೆ. ರೈಫಲು ಕ್ಲಬ್ಬಿನ ಮೈದಾನ ಬಿಟ್ಟು ನನ್ನ ಅಂಗಡಿಗೆ ಬರುವಂತಿಲ್ಲ. ನಾನೇ ಬಸ್ಸು ಹತ್ತಿ ಹೋಗಬೇಕು.

ದುರ್ಬೀನಿನ ಒಳಗೆ ಕೂದಲಿನಷ್ಟು ತೆಳುವಾದ ಎರಡು ಗೆರೆಗಳಿರುತ್ತವೆ, ಒಂದು ನಿಂತದ್ದು, ಇನ್ನೊಂದು ಮಲಗಿದ್ದು. ರೈಫಲು ಸಮತಟ್ಟಾಗಿ ಕೂತಾಗ ನಿಂತ ಗೆರೆ ತೂಗುಗುಂಡಿನ ದಾರದಷ್ಟು ನೇರವಾಗಿರಬೇಕು. ದೂರ ಹೋದಂತೆ ಗುಂಡು ಕೆಳಗೆ ಬೀಳುತ್ತದೆ. ಆ ಬೀಳುವಿಕೆಗೆ ತಕ್ಕಂತೆ ಮೇಲಿನ ತಿರುಪನ್ನು ತಿರುಗಿಸಿ ಗುರಿಯನ್ನು ಎತ್ತಿಕೊಳ್ಳುತ್ತಾರೆ. ಓರೆ ಏಣಿ ಹತ್ತಿದವನು ಮೇಲೆ ಹೋದಷ್ಟೂ ಪಕ್ಕಕ್ಕೂ ಸರಿಯುತ್ತಾನಲ್ಲ, ಗೆರೆ ವಾಲಿದ್ದರೆ ಗುಂಡೂ ಹಾಗೇ ಸರಿಯುತ್ತದೆ. ನೂರು ಮೀಟರಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಮುನ್ನೂರರಲ್ಲಿ ಗುರಿಯ ನಡುವಿನ ಕಪ್ಪು ತಪ್ಪಿ ಹೋಗುತ್ತದೆ.

ಹವಾಲ್ದಾರರ ದುರ್ಬೀನನ್ನು ಮಳೆಗಾಲಕ್ಕೆ ಮುಂಚೆ ನಾನೇ ಕೂಡಿಸಿ ಕೊಟ್ಟಿದ್ದೆ. ಇಷ್ಟು ದಿನ ಒಂದು ಮಾತೂ ಇರಲಿಲ್ಲ. ಈಗ ಆಯ್ಕೆ ಸ್ಪರ್ಧೆ ಹತ್ತಿರ ಬಂದಾಗ ಯಾರೋ ತಿರುವಿದ್ದಾರೆ ಎಂದರೆ ಏನೆಂದು ತಿಳಿಯುವುದು? ರೊಟ್ಟಿ ಮತ್ತು ಪುಂಡಿಪಲ್ಯ ಕಟ್ಟಿಕೊಂಡೆ. ಚೀಲಕ್ಕೆ ಗುಳ್ಳೆ ನೋಡಿ ಸಮತಟ್ಟು ಅಳೆಯುವ ಎರಡು ರಸಮಟ್ಟ, ತೂಗುಗುಂಡು, ಬಿಳಿ ನೈಲಾನ್ ದಾರ, ಎಲ್ ಕೀಗಳ ಕಟ್ಟು, ಉಗುರುಬಣ್ಣದ ಸೀಸೆ ಹಾಕಿಕೊಂಡು ಔರಾದ ಕಡೆಯ ಬಸ್ಸಿಗೆ ಹೊರಟೆ.

ಉಗುರುಬಣ್ಣ ನನ್ನ ಉಗುರಿಗಲ್ಲ. ದುರ್ಬೀನನ್ನು ಹಿಡಿದಿಡುವ ಬಳೆಗಳ ಸ್ಕ್ರೂ ಬಿಗಿದ ಮೇಲೆ, ಸ್ಕ್ರೂವಿನ ತಲೆಯಿಂದ ಬಳೆಯ ಮೈಗೆ ಹಾಯುವಂತೆ ಒಂದು ಸಣ್ಣ ಗೀರು ಎಳೆಯುತ್ತೇನೆ. ಬಳೆ ಮತ್ತು ದುರ್ಬೀನಿನ ನಡುವೆಯೂ ಒಂದು ಗೀರು. ಯಾರಾದರೂ ತಿರುವಿದರೆ ಗೀರು ಮುರಿಯುತ್ತದೆ. ಕ್ಲಬ್ಬಿನಲ್ಲಿ ಇದು ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿರುವುದೇ ತೊಂದರೆ ಎಂದು ಬಸ್ಸಿನಲ್ಲಿ ಕೂತಾಗ ನನಗನ್ನಿಸಿತು. ಗೀರು ಮುರಿದವರು ಮತ್ತೆ ಎಳೆಯಲೂಬಹುದಲ್ಲ.

ಮೈದಾನ ಇರುವುದು ಠಾಣಾ ಕುಶನೂರ ದಾಟಿದ ಮೇಲೆ, ರಸ್ತೆಯಿಂದ ಒಂದಿಷ್ಟು ಒಳಗೆ. ಸೋಯಾ ರಾಶಿ ಮುಗಿದು ಹೊಲಗಳು ಬರಿದಾಗಿದ್ದವು. ತೊಗರಿ ಮಾತ್ರ ಹೂ ಹಿಡಿದು ನಿಂತಿತ್ತು. ಗೇಟಿನ ಹೊರಗೆ, ಕಲ್ಲಿನ ಮೇಲೆ ಕಾವಲಿನ ಕಾಕಾ ಕೂತಿದ್ದ. ಹಣೆಗೆ ವಿಭೂತಿ, ಮೈಮೇಲೆ ಕಂಬಳಿ. ಮೊಳಕಾಲು ಸೋತು ಕುರಿಗಳ ಹಿಂದೆ ನಡೆಯಲಾರದೆ, ಹಿಂಡು ಮಾರಿ ಈ ಕಾವಲಿಗೆ ಸೇರಿದವನು. ನನ್ನನ್ನು ಕಂಡರೆ ದೂರದಿಂದಲೇ ‘ಶರಣ್ರೆವ್ವಾ’ ಅನ್ನುವವನು ಅಂದು ಸುಮ್ಮನೆ ಕಾಲು ಮಡಚಿಕೊಂಡು ದಾರಿ ಬಿಟ್ಟ.

“ಯಾಕ ಕಾಕಾ, ಹೊರಗ ಕುಂತೀರಿ?”

“ಕೀಲಿಕೈ ಕಸ್ಗೊಂಡಾರ. ಒಳಗ ಕಾಲಿಡಬ್ಯಾಡ ಅಂದಾರ. ನೀವು ಹೋಗ್ರೆವ್ವಾ, ಚಂದಾಗಿ ಹೇಳ್ತಾರ ಎಲ್ಲಾ.”

ತಗಡಿನ ಚಪ್ಪರದ ಕೆಳಗೆ ಮೂವರಿದ್ದರು. ಹವಾಲ್ದಾರರು ನಿಂತಿದ್ದರು. ಭಾಲ್ಕಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇರುವ ಕ್ಲಬ್ಬಿನ ಸೆಕ್ರೆಟರಿ ಕುರ್ಚಿಯಲ್ಲಿದ್ದರು. ಭಾಲ್ಕಿಯ ಹೈಸ್ಕೂಲಿನಲ್ಲಿ ಆಟ ಕಲಿಸುವ ಟೀಚರ್, ಮುನ್ನೂರು ಮೀಟರ್ ಹೊಡೆಯುವ ಇನ್ನೊಬ್ಬರು, ಸ್ವಲ್ಪ ದೂರದಲ್ಲಿ ಬೇರೆ ಬೆಂಚಿನ ಮೇಲೆ ಕೂತಿದ್ದರು. ಆ ದೂರ ನೋಡಿಯೇ ಅರ್ಧ ಸಂಗತಿ ತಿಳಿಯಿತು.

ಉಳಿದರ್ಧ ಹವಾಲ್ದಾರರು ಹೇಳಿದರು. ದಸರೆಯವರೆಗೆ ಗುಂಡುಗಳು ನಡುವೆ ಬೀಳುತ್ತಿದ್ದವು. ಆಮೇಲೆ ಮುನ್ನೂರರಲ್ಲಿ ಎಲ್ಲವೂ ನಾಲ್ಕು ಬೆರಳು ಬಲಕ್ಕೆ. ನೂರರಲ್ಲಿ ಮಾತ್ರ ಸರಿ. ದುರ್ಬೀನಿನಲ್ಲಿ ನೋಡಿದರೆ, ರೈಫಲು ಹೆಗಲಿಗೆ ಸರಿಯಾಗಿ ಕೂತಾಗ ನಿಂತ ಗೆರೆ ದೂರದಲ್ಲಿ ಗುರಿ ಹಚ್ಚಿದ ಹಲಗೆಯ ಅಂಚಿಗೆ ಕೂಡುತ್ತಿಲ್ಲ, ಎಡಕ್ಕೆ ವಾಲುತ್ತದೆ. ರೈಫಲು ಇಡುವ ಕಪಾಟಿನ ಕೀಲಿಕೈ ಇದ್ದದ್ದು ಕಾಕಾನ ಕೈಯಲ್ಲಿ ಮಾತ್ರ. ಅವನ ಚೀಲ ಬಿಚ್ಚಿಸಿದಾಗ ರೊಟ್ಟಿಯ ಬಟ್ಟೆಯಲ್ಲಿ ಸುತ್ತಿದ ಸಣ್ಣ ಸ್ಕ್ರೂಡ್ರೈವರ್ ಸಿಕ್ಕಿತು.

“ಕೇಳಿದ್ರ ರೇಡಿಯೋದ್ದು ಅಂತಾನ. ರೇಡಿಯೋ ಬಿಚ್ಚಾಂವ ರೊಟ್ಟಿ ಜೋಡಿ ಕಟ್ಕೊಂಡು ಬರ್ತಾನೇನ್ರಿ?” ಎಂದರು ಹವಾಲ್ದಾರರು. ಮತ್ತೆ ಟೀಚರ್ ಇದ್ದ ಕಡೆ ನೋಡದೆ ಸೇರಿಸಿದರು, “ಅಂವಾ ಯಾರಿಗಿ ಬೇಕಾದಾಂವ ಅಂತ ನಾ ಹೇಳಬೇಕಾಗಿಲ್ಲ. ಇಬ್ಬರ್ದೂ ಒಂದೇ ಊರು.”

“ಹೌದು, ಠಾಣಾ ಕುಶನೂರ ನನ್ನ ತವರುಮನಿ,” ಎಂದರು ಟೀಚರ್. “ಕಾಕಾಗ ಒಂದಿನ ಹೋಳಿಗಿ ತಂದು ಕೊಟ್ಟಿದ್ದೆ. ಅದನ್ನೂ ಬರಕೊಳ್ರಿ.”

ಸೆಕ್ರೆಟರಿ ಇಬ್ಬರನ್ನೂ ಕೈಯಾಡಿಸಿ ಸುಮ್ಮನಾಗಿಸಿದರು. ಸ್ಪರ್ಧೆಗೆ ಕ್ಲಬ್ಬಿನಿಂದ ಒಬ್ಬರನ್ನೇ ಕಳಿಸುವುದು. ಅದು ಎಲ್ಲರಿಗೂ ತಿಳಿದದ್ದು. ಅವರು ನನ್ನ ಕಡೆ ತಿರುಗಿದರು.

“ಅಕ್ಕಾರ, ಐತವಾರ ಮೀಟಿಂಗ್ ಅದ. ದುರ್ಬೀನು ತಿರುಗಿದ್ದು ಖರೆ ಅಂತ ನೀವೊಂದು ಮಾತು ಹೇಳ್ರಿ ಸಾಕು, ಮುದುಕಗ ಮನಿಗಿ ಕಳಸ್ತೀವಿ. ಉಳಿದದ್ದು ಆಮ್ಯಾಲೆ ನೋಡಿದ್ರಾತು.”

ಕಾಕಾನ ಕೆಲಸ ನನ್ನ ಒಂದು ಮಾತಿನ ಮೇಲೆ ನಿಂತಿತ್ತು. ಒಳಗೆ ಬರುವಾಗ, ಉಗುರುಬಣ್ಣದ ಕಲೆ ಇದೆಯೇ ಎಂದು ಅವನ ಕೈಬೆರಳುಗಳನ್ನು ನೋಡಿಕೊಂಡೇ ಬಂದಿದ್ದೆ ಎಂಬುದು ನನಗೆ ಆಗ ನೆನಪಾಯಿತು.

ರೈಫಲನ್ನು ಮೇಜಿನ ಮೇಲೆ ತರಿಸಿದೆ. ಗುಂಡನ್ನು ಒಳಗೆ ತಳ್ಳುವ ಬೋಲ್ಟ್ ತೆಗೆಸಿ ಮೇಜಿನ ಆ ತುದಿಗಿಟ್ಟು, ನಳಿಕೆ ಖಾಲಿ ಇರುವುದನ್ನು ಬೆಳಕಿಗೆ ಹಿಡಿದು ನೋಡಿದೆ. ಆಮೇಲೆ ಗೀರುಗಳು. ಭೂತಗನ್ನಡಿ ಕಣ್ಣಿಗೊತ್ತಿಕೊಂಡು ಒಂದೊಂದನ್ನೇ ನೋಡಿದೆ. ಯಾವುದೂ ಮುರಿದಿರಲಿಲ್ಲ. ಆದರೆ ಹಿಂದಿನ ಬಳೆಯ ಒಂದು ಗೀರು ಉಳಿದವುಗಳಿಗಿಂತ ತಿಳಿಯಾಗಿತ್ತು. ನಾನು ಎಳೆದದ್ದು ಗಾಢ ಕಂದುಗೆಂಪು. ಇದು ಇಟ್ಟಿಗೆಯ ಬಣ್ಣಕ್ಕೆ ಹತ್ತಿರ.

ಇಟ್ಟಿಗೆಯ ಬಣ್ಣವನ್ನು ಅಂದು ಇನ್ನೊಂದು ಕಡೆ ನೋಡಿದ್ದೆ. ತಲೆಯೆತ್ತಿದೆ. ಟೀಚರ್ ಬೆಂಚಿನ ಅಂಚು ಹಿಡಿದು ಕೂತಿದ್ದರು. ಹತ್ತೂ ಬೆರಳಿಗೆ ಅದೇ ಬಣ್ಣ.

ಕೆಲಸ ಮಾಡುವಂತೆ ತಲೆ ತಗ್ಗಿಸಿದೆ, ಮತ್ತೆ ನೋಡಿದೆ. ಮೂರನೆಯ ಸಲಕ್ಕೆ ಅವರೇ ಎದ್ದು ಬಂದರು.

“ಅಕ್ಕಾ, ಆಗಿಂದ ನನ್ನ ಉಗುರೇ ನೋಡ್ಲಾಕತ್ತೀರಿ. ಬಣ್ಣ ಬೇಕೇನು?”

“ಎಲ್ಲಿ ತಗೊಂಡ್ರಿ?”

“ಭಾಲ್ಕಿ ಬಸ್ ಸ್ಟ್ಯಾಂಡಿನ ಮುಂದ. ಅಲ್ಲಿ ಎಲ್ಲಾ ಹೆಣ್ಮಕ್ಕಳ ಕೈಗೂ ಇದೇ ಬಣ್ಣ ಅದ. ಎಲ್ಲಾರ್ನೂ ಕರಸ್ತೀರೇನು?” ನಗುತ್ತಲೇ ಕೇಳಿದರು. ಕಣ್ಣು ನಗುತ್ತಿರಲಿಲ್ಲ.

ಆ ಗೀರಿನ ಸಂಗತಿ ಬಿಡದೆ ಕೊರೆಯಿತು. ಹವಾಲ್ದಾರರು ರೈಫಲನ್ನು ದಿನಾ ಒರೆಸುವ ಎಣ್ಣೆಬಟ್ಟೆಯನ್ನು ಕೇಳಿ ಪಡೆದೆ. ಅದರ ಒಂದು ಮೂಲೆಯಲ್ಲಿ ಕೆಂಪು ಛಾಯೆ ಇತ್ತು. ಮುಂದಿನ ಬಳೆಯ ಗಾಢವಾದ ಗೀರಿನ ತುದಿಯನ್ನು ಅದೇ ಬಟ್ಟೆಯಿಂದ ಸ್ವಲ್ಪ ಹೊತ್ತು ತಿಕ್ಕಿದೆ. ತಿಕ್ಕಿದಷ್ಟು ಜಾಗ ಇಟ್ಟಿಗೆಯ ಬಣ್ಣಕ್ಕೆ ಬಂತು. ಹಿಂದಿನ ಬಳೆ ಬೋಲ್ಟಿನ ಪಕ್ಕದ್ದು. ಒರೆಸುವಾಗ ಕೈ ಹೆಚ್ಚು ಆಡುವುದು ಅಲ್ಲೇ. ಟೀಚರ್ ನೋಡುತ್ತ ನಿಂತಿದ್ದರು. ಬಟ್ಟೆಯನ್ನು ಮಡಚಿ ಮೇಜಿನ ಮೇಲಿಟ್ಟೆ.

ಗೀರುಗಳು ನನ್ನವೇ, ಮುರಿದಿಲ್ಲ. ಹಾಗಾದರೆ ಗೆರೆ ವಾಲಿದ್ದು ಹೇಗೆ? ಉಳಿದದ್ದು ಒಂದೇ ದಾರಿ. ಮಳೆಗಾಲಕ್ಕೆ ಮುಂಚೆ ಕೂಡಿಸಿದಾಗ ನಾನೇ ವಾರೆಯಾಗಿ ಕೂಡಿಸಿರಬೇಕು. ಹವಾಲ್ದಾರರಿಗೂ ಅಷ್ಟರಲ್ಲಿ ಅದೇ ಹೊಳೆದಿತ್ತು.

“ತಪ್ಪು ಎಲ್ಲಾರಿಂದೂ ಆಗ್ತದ ಬಿಡ್ರಿ. ಯಾರು ಏನು ಅಂತ ಆಮ್ಯಾಲೆ ನೋಡಮು. ಮೊದಲ ಸೀದಾ ಮಾಡಿ ಕೊಡ್ರಿ,” ಎಂದರು.

ರೈಫಲನ್ನು ಮರಳಿನ ಚೀಲಗಳ ನಡುವೆ ಕೂರಿಸಿ ಕಣ್ಣಿಟ್ಟೆ. ಹೌದು, ದೂರದ ಹಲಗೆಯ ಅಂಚು ಒಂದು ದಿಕ್ಕು, ನಿಂತ ಗೆರೆ ಇನ್ನೊಂದು ದಿಕ್ಕು. ಹಲಗೆಗೆ ಹೋಲಿಸಿದರೆ ಗೆರೆ ಎಡಕ್ಕೆ ವಾಲಿತ್ತು. ಎಲ್ ಕೀ ತೆಗೆದು ಸ್ಕ್ರೂವಿನ ಗುಳಿಗೆ ಕೂಡಿಸಿದೆ. ಕಾಕಾನ ಸ್ಕ್ರೂಡ್ರೈವರ್ ಈ ಗುಳಿಗೆ ಹಿಡಿಯುವಂಥದ್ದೇ ಅಲ್ಲ ಎಂಬುದು ಆಗ ಹೊಳೆಯಿತು. ಅರ್ಧ ಸುತ್ತು ಸಡಿಲಿಸಿ, ದುರ್ಬೀನನ್ನು ಒಂದಿಷ್ಟು ಬಲಕ್ಕೆ ಹೊರಳಿಸಿ ಬಿಗಿದರೆ ಮುಗಿಯಿತು. ಸಂಜೆಯ ಬಸ್ಸು ಸಿಗುತ್ತಿತ್ತು. ಸೆಕ್ರೆಟರಿ ಕುರ್ಚಿಯಿಂದ ಎದ್ದು ಹತ್ತಿರ ಬಂದು ನಿಂತಿದ್ದರು.

“ತಿರುಗೇದ ಅಲ್ರಿ?” ಎಂದು ಕೇಳಿದರು.

ಕೀಯನ್ನು ಹಾಗೇ ಹಿಡಿದುಕೊಂಡೆ. ಸ್ಕ್ರೂ ಸಡಿಲಿಸಿದ ಕೂಡಲೇ, ದುರ್ಬೀನು ಹೇಗಿತ್ತು ಎಂದು ತೋರಿಸುವ ಒಂದೇ ಒಂದು ಸಾಕ್ಷಿ ನನ್ನ ಕೈಯಿಂದಲೇ ಅಳಿಯುತ್ತದೆ. ಅಷ್ಟೇ ಆಗಿದ್ದರೆ ನಾನು ಸಡಿಲಿಸಿಬಿಡುತ್ತಿದ್ದೆನೇನೋ. ಇನ್ನೊಂದು ಸಂಗತಿ ತಡೆಯಿತು. ಗೆರೆ ನಿಜವಾಗಿ ಎಡಕ್ಕೆ ವಾಲಿದ್ದರೆ, ಗುರಿ ಎತ್ತಿದಾಗ ಗುಂಡುಗಳು ಎಡಕ್ಕೆ ಹೋಗಬೇಕು. ಹವಾಲ್ದಾರರ ಗುಂಡುಗಳು ಹೋಗುತ್ತಿರುವುದು ಬಲಕ್ಕೆ.

ಕೀಯನ್ನು ಹೊರಗೆಳೆದೆ.

“ಇನ್ನೂ ಗೊತ್ತಿಲ್ರಿ,” ಎಂದೆ. “ಸ್ಕ್ರೂ ಮುಟ್ಟೂದಿಲ್ಲ. ಮೊದಲ ದಾರ ಬಿಟ್ಟು ನೋಡ್ತೇನಿ.”

ಹವಾಲ್ದಾರರಿಗೆ ಇದು ಹಿಡಿಸಲಿಲ್ಲ. “ಮೊದಲ ಯಾರೋ ತಿರುವ್ಯಾರ ಅಂತ ನಾ ಅಂದ್ರ ಕೇಳಲಿಲ್ಲ. ಈಗ ನಿಮ್ಮ ತಪ್ಪು ಇರಬಹುದು ಅಂದ್ರೂ ಕೇಳೂದಿಲ್ಲ. ಏನ್ ಮುಚ್ಚಲಾಕತ್ತೀರಿ ಅಕ್ಕಾರ?”

ಈಗ ಆ ಚಪ್ಪರದ ಕೆಳಗೆ ಯಾರೂ ಯಾರನ್ನೂ ನಂಬುತ್ತಿರಲಿಲ್ಲ. ಹವಾಲ್ದಾರರಿಗೆ ನನ್ನ ಮೇಲೆ, ನನಗೆ ಟೀಚರ್ ಮೇಲೆ ಇನ್ನೂ ಸ್ವಲ್ಪ, ಟೀಚರಿಗೆ ಎಲ್ಲರ ಮೇಲೂ. ಸೆಕ್ರೆಟರಿ ಗಡಿಯಾರ ನೋಡುತ್ತಿದ್ದರು.

ನೂರು ಮೀಟರಿನ ಹಲಗೆಗೂ ಚಪ್ಪರಕ್ಕೂ ನಡುವೆ ಒಂದು ಕಬ್ಬಿಣದ ಕಂಬಕ್ಕೆ ಅಡ್ಡಪಟ್ಟಿ ಇತ್ತು. ಅದಕ್ಕೆ ದಾರ ಕಟ್ಟಿ ತೂಗುಗುಂಡು ಇಳಿಬಿಟ್ಟೆ. ಮಧ್ಯಾಹ್ನದ ಗಾಳಿ ಎದ್ದಿತ್ತು. ಗುಂಡು ತೊಟ್ಟಿಲಿನ ಹಾಗೆ ತೂಗತೊಡಗಿತು. ಇಂಥ ಹೊತ್ತಿನಲ್ಲಿ ಗುಂಡನ್ನು ಬಕೀಟಿನ ನೀರಿನಲ್ಲಿ ಮುಳುಗಿಸಿಟ್ಟರೆ ಅದು ನಿಲ್ಲುತ್ತದೆ. ನೀರು ಬೇಕೆಂದು ಕೂಗಿದೆ. ಗೇಟಿನ ಹೊರಗಿನ ಡ್ರಮ್ಮಿನಿಂದ ಕಾಕಾ ಬಕೀಟು ತುಂಬಿಕೊಂಡು ಬಂದು, ಗೇಟಿನ ಗೆರೆಯ ಆಚೆಯೇ ನಿಂತ.

“ಅವನ ಕೈಲೆ ಬ್ಯಾಡ,” ಎಂದರು ಹವಾಲ್ದಾರರು.

“ನೀರಿನಾಗ ಏನ್ ತಿರುವ್ತಾನ್ರಿ ಅಂವಾ?” ಎಂದು ಟೀಚರ್ ಹೋಗಿ ಬಕೀಟು ಇಸಿದುಕೊಂಡು ಬಂದರು.

ರೈಫಲಿನ ಬೆನ್ನಿನ ಚಪ್ಪಟೆ ಪಟ್ಟಿಯ ಮೇಲೆ ದೊಡ್ಡ ರಸಮಟ್ಟ ಇಟ್ಟೆ. ಗುಳ್ಳೆ ನಡುವೆ ಬರುವಂತೆ ಮರಳಿನ ಚೀಲ ಸರಿಸಿದೆ. ರೂಢಿಯಂತೆ ಮಟ್ಟವನ್ನು ತಿರುವುಮುರುವು ಮಾಡಿ ಮತ್ತೆ ಅಲ್ಲೇ ಇಟ್ಟೆ. ಗುಳ್ಳೆ ಒಂದು ಬದಿಗೆ ಓಡಿತು. ಸರಿಯಾದ ಮಟ್ಟವಾದರೆ ಹೇಗೆ ತಿರುವಿದರೂ ಗುಳ್ಳೆ ಅಲ್ಲೇ ಇರಬೇಕು. ಬಸ್ಸಿನಲ್ಲಿ ಚೀಲ ಕಾಲಬಳಿ ಬಿದ್ದು ಎತ್ತೆತ್ತಿ ಹಾಕಿದ್ದು ನೆನಪಾಯಿತು. ಅದೇ ಗಳಿಗೆಯಲ್ಲಿ ಹವಾಲ್ದಾರರು ಮೂಗಿನಲ್ಲೇ ನಕ್ಕರು.

“ನಿಮ್ಮ ಮಟ್ಟಕ್ಕೇ ಮಟ್ಟ ಇಲ್ಲ.”

ಅದನ್ನು ಚೀಲಕ್ಕೆ ಹಾಕಿ ಸಣ್ಣ ಮಟ್ಟ ತೆಗೆದೆ. ಆ ಕಡೆ ಈ ಕಡೆ ತಿರುವಿ ಅವರ ಕಣ್ಣಿಗೇ ತೋರಿಸಿದೆ; ಗುಳ್ಳೆ ಅಲ್ಲಾಡಲಿಲ್ಲ. ಮತ್ತೆ ಮೊದಲಿನಿಂದ ರೈಫಲನ್ನು ಕೂರಿಸಿದೆ. ಮಟ್ಟ ನೋಡುವುದು, ಚೀಲ ತಟ್ಟುವುದು, ಮತ್ತೆ ಮಟ್ಟ ನೋಡುವುದು. ಮರಳು ತನ್ನಷ್ಟಕ್ಕೆ ಕುಸಿಯುವವರೆಗೂ ಕಾಯಬೇಕು, ಅವಸರ ಮಾಡಿದರೆ ಕೈ ತೆಗೆದ ಮೇಲೆ ಅದು ಜಾರುತ್ತದೆ. ಆಮೇಲೆ ರೈಫಲನ್ನು ಮುಟ್ಟದೆ, ಕೈ ಬೆನ್ನಿಗೆ ಕಟ್ಟಿಕೊಂಡು ಬಗ್ಗಿ ನೋಡಿದೆ.

ಬಿಳಿ ದಾರದ ಮೇಲೆ ನಿಂತ ಗೆರೆ ಮೇಲಿನಿಂದ ಕೆಳಗಿನವರೆಗೆ ಕೂತಿತ್ತು. ತಿರುಪನ್ನು ನಿಧಾನವಾಗಿ ಪೂರ್ತಿ ಮೇಲೆ ತಿರುಗಿಸಿದೆ, ಪೂರ್ತಿ ಕೆಳಗಿಳಿಸಿದೆ. ಗೆರೆಗಳ ಕೂಡುಬಿಂದು ದಾರದ ಉದ್ದಕ್ಕೂ ಏರಿತು, ಇಳಿಯಿತು. ಎಲ್ಲೂ ದಾರ ಬಿಟ್ಟು ಸರಿಯಲಿಲ್ಲ.

ಒಬ್ಬೊಬ್ಬರಿಗೂ ತೋರಿಸಿದೆ. ಮೊದಲು ಸೆಕ್ರೆಟರಿ, ಆಮೇಲೆ ಟೀಚರ್. ಹವಾಲ್ದಾರರು ಬಹಳ ಹೊತ್ತು ಕಣ್ಣಿಟ್ಟು ನೋಡಿದರು.

“ದುರ್ಬೀನು ಸೀದಾ ಅದ,” ಎಂದರು ಕೊನೆಗೆ. “ಹಂಗಾದ್ರ ನನ್ನ ಕಣ್ಣು ಸುಳ್ಳೇನ್ರಿ?”

ದಾರವನ್ನು ಪಕ್ಕಕ್ಕೆ ಸರಿಸಿದೆ. ರೈಫಲನ್ನು ಯಾರೂ ಅಲ್ಲಾಡಿಸಿರಲಿಲ್ಲ. ಅದೇ ನಿಂತ ಗೆರೆಯ ಹಿಂದೆ ಈಗ ಮುನ್ನೂರು ಮೀಟರಿನ ಹಲಗೆ ಕಂಡಿತು. ಗೆರೆ ನೇರ ಇದೆ ಎಂದು ಈಗಷ್ಟೇ ನೋಡಿದ್ದೇವೆ. ಹಾಗಿದ್ದರೆ ವಾಲಿರುವುದು ಹಲಗೆ, ಅದೂ ಬಲಕ್ಕೆ.

“ಹಲಗಿ ವಾಲಂಗೇ ಇಲ್ರಿ,” ಎಂದರು ಹವಾಲ್ದಾರರು. “ಅದರ ಹಿಂದಿನ ಬದುವಿಗಿ ನೋಡ್ರಿ, ಕಾಟಕೋನ ಕೂಡೇದ, ತೊಂಬತ್ತು ಡಿಗ್ರಿ.”

“ನಡೀರಿ, ಹೋಗಿ ನೋಡಮು.”

ತೂಗುಗುಂಡು ಬಿಚ್ಚಿಕೊಂಡು ಸೋಯಾದ ಕೂಳೆಗಳನ್ನು ತುಳಿಯುತ್ತ ಹೊರಟೆ. ಮೂವರೂ ಹಿಂದೆ ಬಂದರು. ಕಾಕಾ ಗೇಟಿನಲ್ಲಿ ಎದ್ದು ನಿಂತದ್ದು ಕಂಡಿತು. ಕೈ ಮಾಡಿ ಕರೆದೆ. ಸೆಕ್ರೆಟರಿ ಬೇಡವೆನ್ನಲಿಲ್ಲ. ಮೊಳಕಾಲು ಹಿಡಿದುಕೊಂಡು ನಿಧಾನವಾಗಿ ಬಂದ.

ಚಪ್ಪರ, ಕಪಾಟಿನ ಕೋಣೆ, ನೂರು ಮೀಟರಿನ ಹಲಗೆ, ಇವಿಷ್ಟೂ ಮೊರಂ ತುಂಬಿ ಗಟ್ಟಿ ಮಾಡಿದ ನೆಲದ ಮೇಲಿವೆ. ಅದರಾಚೆ ಬರೀ ಎರೆ. ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುವ ಮಣ್ಣು. ನೆಟ್ಟದ್ದನ್ನು ನೆಟ್ಟ ಹಾಗೆ ಇಟ್ಟುಕೊಳ್ಳುವುದಿಲ್ಲ. ಹಲಗೆಯ ಎರಡು ಕಂಬಗಳ ಬುಡದಲ್ಲಿ ಕೈ ತೂರುವಷ್ಟು ಬಿರುಕು. ಕಂಬದ ತುದಿಗೆ ದಾರ ಒತ್ತಿ ಹಿಡಿದು ಗುಂಡು ಇಳಿಬಿಟ್ಟೆ. ನಾನು ಮೈಯಡ್ಡ ಮಾಡಿ ಗಾಳಿ ತಡೆದೆ, ಇನ್ನೊಂದು ಬದಿಗೆ ಟೀಚರ್ ಸೆರಗು ಹಿಡಿದರು. ಮೇಲೆ ದಾರ ಕಂಬಕ್ಕೆ ತಾಗಿತ್ತು. ಕೆಳಗೆ ಬರುವಷ್ಟರಲ್ಲಿ ಕಂಬಕ್ಕೂ ಗುಂಡಿಗೂ ನಡುವೆ ಒಂದು ಗೇಣು ಸಂದು.

ಹಿಂದಿನ ಬದುವನ್ನು ನೋಡಿದೆ. ಅದು ಹೊಲದ ಇಳಿಜಾರಿನ ಜೊತೆಗೇ ನಾಲೆಯ ಕಡೆಗೆ, ನಮ್ಮ ಬಲಕ್ಕೆ ಇಳಿಯುತ್ತ ಹೋಗಿತ್ತು. ಹಲಗೆ ಆ ಇಳಿಜಾರಿಗೆ ಕಾಟಕೋನದಲ್ಲಿತ್ತು. ದುರ್ಬೀನಿನ ಸಣ್ಣ ಸುತ್ತಿನಲ್ಲಿ ಬದು ಮತ್ತು ಹಲಗೆ ಎರಡೇ ಕಾಣುತ್ತವೆ. ಅವೆರಡೂ ಒಂದಕ್ಕೊಂದು ಒಪ್ಪಿದ್ದರೆ ಕಣ್ಣು ಸರಿಯೆಂದು ಒಪ್ಪಿಬಿಡುತ್ತದೆ. ಹವಾಲ್ದಾರರು ನಿಂತ ಗೆರೆಯನ್ನು ಹಲಗೆಯ ಅಂಚಿಗೆ ಕೂಡಿಸಲೆಂದು ಇಡೀ ರೈಫಲನ್ನೇ ಬಲಕ್ಕೆ ವಾಲಿಸಿ ಹೊಡೆಯುತ್ತಿದ್ದರು. ಗುಂಡು ಬಲಕ್ಕೆ ಹೋಗದೆ ಎಲ್ಲಿಗೆ ಹೋದೀತು?

ಟೀಚರ್ ಮಾತ್ರ ಹೇಗೆ ತಪ್ಪಿಸಿಕೊಂಡರು? ಅವರನ್ನೇ ಕೇಳಿದೆ.

“ನಾ ಹಲಗಿ ಅಂಚು ನೋಡೂದೇ ಇಲ್ಲಕ್ಕಾ. ನೀವು ದುರ್ಬೀನಿಗಿ ಹಚ್ಚಿಕೊಟ್ಟ ಸಣ್ಣ ಗುಳ್ಳಿ ಅದಲ್ಲ, ಅದನ್ನ ನೋಡ್ತೇನಿ.”

ಅಂಥದ್ದೇ ಒಂದು ಗುಳ್ಳೆಯನ್ನು ಹವಾಲ್ದಾರರಿಗೂ ಹಚ್ಚಿಕೊಟ್ಟಿದ್ದೆ. ಗುರಿ ಕಲಿಯುವವರಿಗೆ ಬೇಕಾದದ್ದು, ತಮಗೆ ಬೇಡ ಎಂದು ಅವರೇ ಬಿಚ್ಚಿಟ್ಟಿದ್ದರು.

ಹವಾಲ್ದಾರರು ನಮ್ಮ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಬಿರುಕಿನ ಒಂದೇ ಬದಿಗೆ ಬೆಣೆಯ ಹಾಗೆ ಬಡಿದ ಕಲ್ಲುಗಳಿದ್ದವು. ಎರಡೂ ಕಂಬಕ್ಕೆ, ಒಂದೇ ಬದಿಗೆ.

“ಇವು ತಾವಾಗೇ ಬಂದಿಲ್ಲ,” ಎಂದರು. ಎದ್ದು ತಿರುಗಿದರು. “ಕಾಕಾ, ಈ ಕಲ್ಲು ಯಾರು ಬಡದದ್ದು?”

“ನಾನೇ ಬಡದೇನ್ರಿ.”

ಸೆಕ್ರೆಟರಿ ಉಸಿರುಬಿಟ್ಟು ನನ್ನ ಕಡೆ ನೋಡಿದರು, ಆಯಿತಲ್ಲ ಎನ್ನುವಂತೆ. ಇಷ್ಟೆಲ್ಲ ಅಳೆದು ಕೊನೆಗೆ ಅವನ ಕೊರಳಿಗೇ ತಂದು ಹಾಕಿದೆನಲ್ಲ ಅನ್ನಿಸಿತು. ಟೀಚರ್ ಸೆರಗು ಕೈಬಿಟ್ಟಿದ್ದರು.

“ಯಾರು ಹೇಳಿದ್ರು ಬಡೀ ಅಂತ?” ಎಂದರು ಹವಾಲ್ದಾರರು.

“ನೀವೇ ಹೇಳಿದ್ರಿ.”

“ನಾ ಹೇಳಿದ್ನಾ?”

“ಬಾಯಿಲೆ ಹೇಳಲಿಲ್ರಿ. ಕೈಲೆ ಹೇಳಿದ್ರಿ.” ಕಾಕಾ ಮೊಳಕಾಲು ನೀವಿಕೊಂಡು ಚಪ್ಪರದ ಕಡೆ ತೋರಿಸಿದ. “ದಸರಾ ಆದ ಮ್ಯಾಲೆ ಕಂಬ ಆ ಕಡಿ ಬಾಗಿದ್ವು. ನೀವು ಅಲ್ಲಿ ಬೋರಲ ಮಲ್ಕೊಂಡು ದುರ್ಬೀನಿನಾಗ ನೋಡ್ಕೋತ ಕೆಂಪು ಅರಬಿ ಬೀಸಿದ್ರಿ. ಈ ಕಡಿ ತಳ್ಳು, ಇನ್ನೊಂಚೂರು, ಇನ್ನೊಂಚೂರು. ಬಸ್ ಅಂತ ಅರಬಿ ಕೆಳಗ ಬಿಟ್ರಿ. ನಾ ಕಲ್ಲು ಬಡದೆ. ಆವತ್ತು ನೀವು ನಾ ಇಬ್ಬರೇ ಇದ್ದೆವು.”

ಹವಾಲ್ದಾರರ ಮುಖದಲ್ಲಿ ಅದು ನೆನಪಿಗೆ ಬಂದದ್ದು ಕಾಣಿಸಿತು. ಸಮವೆಂದು ನಂಬಿ ಹಲಗೆಯನ್ನು ಕೂಡಿಸಿದ್ದ ಬದುವನ್ನು ಅವರು ನೋಡಿದರು, ಚಪ್ಪರವನ್ನು ನೋಡಿದರು. ಎರಡರ ನಡುವೆ ಎಲ್ಲೂ ನೆಲ ಸಮ ಇರಲಿಲ್ಲ.

“ಕಾಕಾ, ಇದನ್ನ ಮೊದಲೇ ಯಾಕ ಹೇಳಲಿಲ್ಲ?” ಎಂದು ಕೇಳಿದರು ಟೀಚರ್.

“ನನಗ ಯಾರು ಕೇಳಿದ್ರವ್ವಾ? ಚೀಲ ಬಿಚ್ಚು ಅಂದ್ರು, ಬಿಚ್ಚಿದೆ. ಕೀಲಿಕೈ ಕೊಡು ಅಂದ್ರು, ಕೊಟ್ಟೆ. ಹೊರಗ ಕುಂದ್ರು ಅಂದ್ರು, ಕುಂತೆ. ಹಲಗಿ ಸುದ್ದಿ ಯಾರೂ ತಗೀಲಿಲ್ಲ.”

ಅಂದೇ ಕಂಬ ಸರಿಪಡಿಸೋಣ ಎಂದರು ಸೆಕ್ರೆಟರಿ. ನಾನು ಬೇಡ ಎಂದೆ. ಹಲಗೆ ನೆಟ್ಟಗಾದ ಮೇಲೆ ಗುಂಡು ನಡುವೆ ಬಿದ್ದರೆ, ದುರ್ಬೀನಿನ ಸ್ಕ್ರೂವನ್ನೂ ಈ ಅಕ್ಕ ಗುಟ್ಟಾಗಿ ತಿರುವಿರಬೇಕು ಎಂದು ನಾಳೆ ಯಾರಾದರೂ ಅನ್ನಬಹುದು. ಅಷ್ಟು ಹೊತ್ತು ಆ ಚಪ್ಪರದ ಕೆಳಗೆ ಇದ್ದು ನನಗೂ ಹಾಗೇ ಯೋಚಿಸುವುದು ರೂಢಿಯಾಗಿತ್ತು. ಹಲಗೆ ವಾಲಿಯೇ ಇರಲಿ, ದುರ್ಬೀನು ಮುಟ್ಟದೆ ಇರಲಿ. ಗುಳ್ಳೆಯನ್ನು ಮಾತ್ರ ಹಚ್ಚುತ್ತೇನೆ, ಹವಾಲ್ದಾರರು ಹಲಗೆಯ ಅಂಚು ಮರೆತು ಗುಳ್ಳೆ ನೋಡಿ ಹೊಡೆಯಲಿ ಎಂದೆ.

ಮರುದಿನ ಬೆಳಿಗ್ಗೆ ಗಾಳಿ ಏಳುವ ಮೊದಲು ಮತ್ತೆ ಎಲ್ಲರೂ ಸೇರಿದೆವು. ಹವಾಲ್ದಾರರು ಮಲಗಿ, ಗುಳ್ಳೆ ನಡುವೆ ತಂದುಕೊಂಡು, ತುಸು ಹೊತ್ತು ಹಾಗೇ ಇದ್ದರು. ಹಲಗೆ ಕಣ್ಣೆದುರಿಗೆ ಓರೆಯಾಗಿ ಕಾಣುವಾಗ ಬೆರಳು ಎಳೆಯಲು ಮನಸ್ಸು ಬರುವುದಿಲ್ಲ ಎಂದು ಆಮೇಲೆ ಹೇಳಿದರು. ಐದು ಗುಂಡು ಹೊಡೆದರು. ಟೀಚರ್ ತಮ್ಮ ದುರ್ಬೀನಿನಲ್ಲಿ ನೋಡಿ ಸೆಕ್ರೆಟರಿಗೆ ಜಾಗ ಬಿಟ್ಟರು. ಐದೂ ಕಪ್ಪಿನೊಳಗಿದ್ದವು, ಬಲಕ್ಕೆ ಒಂದೂ ಇಲ್ಲ.

ಐತವಾರದ ಮೀಟಿಂಗಿಗೆ ನನ್ನನ್ನೂ ಕರೆದಿದ್ದರು. ನೋಡಿದ್ದನ್ನು ನೋಡಿದ ಹಾಗೆ ಹೇಳಿದೆ. ಹವಾಲ್ದಾರರು ಎದ್ದು ನಿಂತು, ಕಂಬ ತಳ್ಳಿಸಿದ್ದು ತಾವೇ, ಕಾಕಾನದೂ ಟೀಚರದೂ ಏನೂ ತಪ್ಪಿಲ್ಲ ಎಂದರು. ಸಾವಧಾನ್ ನಿಂತವರ ಹಾಗೆ, ಎದುರಿನ ಗೋಡೆ ನೋಡುತ್ತ ಹೇಳಿದರು. ಯಾರನ್ನು ಕಳಿಸುವುದು ಎಂಬುದಕ್ಕೆ ಇಬ್ಬರೂ ಹೊಸದಾಗಿ ಹೊಡೆದು ತೋರಿಸಬೇಕೆಂದು ತೀರ್ಮಾನವಾಯಿತು. ಸೆಕ್ರೆಟರಿ ಮೇಜಿನ ಖಾನೆಯಿಂದ ಕೀಲಿಕೈ ತೆಗೆದು ಕಾಕಾನ ಮುಂದೆ ಹಿಡಿದರು.

ಕಾಕಾ ಕೈ ಚಾಚಲಿಲ್ಲ.

“ಒಂದೇ ಕೀಲಿ ಇದ್ರ ಬ್ಯಾಡ್ರಿ. ಕಪಾಟಿಗಿ ಎರಡು ಕೀಲಿ ಹಾಕಸ್ರಿ. ಒಂದರ ಕೀಲಿಕೈ ನನ್ನ ಹಂತ್ಯಾಕ, ಇನ್ನೊಂದರದು ಇವ್ರ ಹಂತ್ಯಾಕ,” ಎಂದು ಹವಾಲ್ದಾರರನ್ನು ತೋರಿಸಿದ. “ನಾ ಒಬ್ಬನೇ ತಗೀಬಾರ್ದು. ಅವ್ರೂ ಒಬ್ಬರೇ ತಗೀಬಾರ್ದು.”

“ಎಲ್ಲಾ ಮುಗೀತಲ್ಲ ಕಾಕಾ,” ಎಂದರು ಹವಾಲ್ದಾರರು. “ನಮ್ಮ ಮ್ಯಾಲೆ ನಂಬಿಕಿ ಇಲ್ಲೇನು?”

“ಇಲ್ರಿ,” ಎಂದ ಕಾಕಾ.

ಬಯ್ಗುಳದ ದನಿಯಲ್ಲ ಅದು. ಅಂಗಡಿಗೆ ಬಂದವರು ಕೇಳಿದ ಫ್ರೇಮು ಇಲ್ಲದಿದ್ದಾಗ ನಾನು ಹೇಳುವ ಹಾಗೆ ಹೇಳಿದ. ಸೆಕ್ರೆಟರಿ ಅಂದೇ ಎರಡನೆಯ ಬೀಗ ತರಿಸಿ ಹಾಕಿಸಿದರು.

ಕಂಬಗಳ ಬುಡಕ್ಕೆ ಮೊರಂ ತುಂಬಿಸಿ ದಾರ ಹಿಡಿದು ನಿಲ್ಲಿಸುವ ಕೆಲಸ ಇದ್ದುದರಿಂದ ಅದರ ಮರುದಿನವೂ ನಾನು ಅಲ್ಲಿದ್ದೆ. ಮಧ್ಯಾಹ್ನ ಹವಾಲ್ದಾರರು ಮೋಟಾರ್ ಸೈಕಲ್ ನಿಲ್ಲಿಸಿ, ತಮ್ಮ ಕೀಲಿಕೈಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಬಂದರು. ಕಾಕಾ ಗೇಟಿನ ಒಳಗೆ ನೆರಳಿನಲ್ಲಿ ರೊಟ್ಟಿಯ ಗಂಟು ಬಿಚ್ಚಿಕೊಂಡು ಕೂತಿದ್ದ. ಹವಾಲ್ದಾರರು ಕಪಾಟಿನ ಕೋಣೆಯ ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮಿದರು.

“ಊಟ ಮಾಡ್ಲಾಕತ್ತೇನ್ರಿ,” ಎಂದ ಕಾಕಾ.

“ಆಗಲಿ, ಆಗಲಿ. ಅವಸರ ಇಲ್ಲ.”

ಕಾಕಾ ಅವಸರ ಮಾಡಲಿಲ್ಲ. ಹಿಂಡಿ ಚಟ್ನಿಯ ಮೇಲೆ ಎಣ್ಣೆ ಹಾಕಿಕೊಂಡ. ರೊಟ್ಟಿಯ ಚೂರು ಮುರಿದು, ಅದ್ದಿ, ತಿಂದ. ಹವಾಲ್ದಾರರು ಬಾಗಿಲಿಗೆ ಒರಗಿ ನಿಂತಿದ್ದವರು ಆಮೇಲೆ ಹೊಸ್ತಿಲ ಮೇಲೆ ಕೂತರು.